ಬೀಗದಣ್ಣನಿಗೆ ಸಿಕ್ಕ ಅಳುವ ಕೆಲಸ

ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ, ಚಪ್ಪಲಿ ಅಂಗಡಿಗೂ ಫೋಟೊ ಸ್ಟುಡಿಯೋಗೂ ನಡುವೆ, ಒಬ್ಬ ಮನುಷ್ಯ ಅಡ್ಡ ತಿರುಗಿ ನಿಂತರೆ ತುಂಬಿಹೋಗುವಷ್ಟು ಜಾಗದಲ್ಲಿ ಬೀಗದಣ್ಣನ ಅಂಗಡಿ. ಎದುರಿಗೆ ತಗಡಿನಲ್ಲಿ ಕತ್ತರಿಸಿದ ದೊಡ್ಡ ಕೀಲಿಕೈ ತೂಗಾಡುತ್ತಿತ್ತು. ಒಳಗೆ ಅರ, ಚಿಮುಟ, ಎಣ್ಣೆ ಡಬ್ಬಿ, ಗೋಡೆಯ ತುಂಬ ಇನ್ನೂ ಹಲ್ಲು ಕೊರೆಯದ ಕೀಲಿಗಳು. ಎಂಥ ಹಟಮಾರಿ ಬೀಗವಾದರೂ ಅವನ ಕೈಗೆ ಬಂದರೆ ಬಾಯಿ ಬಿಡುತ್ತಿತ್ತು. ಕಸುಬಿನಲ್ಲಿ ಅವನನ್ನು ಆಡಿಕೊಳ್ಳುವವರು ಯಾರೂ ಇರಲಿಲ್ಲ. ಜನ ಆಡಿಕೊಳ್ಳುತ್ತಿದ್ದುದು ಅವನ ಅಳುವನ್ನು.

ಮನೆಯ ಕೀಲಿ ಕಳೆದುಕೊಂಡು ಯಾರಾದರೂ ಓಡಿಬಂದರೆ ಅವರಿಗಿಂತ ಮೊದಲು ಇವನ ಕಣ್ಣು ತುಂಬುತ್ತಿತ್ತು. ಸತ್ತವರ ಬೀರು ತೆಗೆಯಲು ಕರೆದರಂತೂ ಮುಗಿದೇಹೋಯಿತು. ಒಳಗೇನಿದೆಯೋ ಎಂದು ಮಕ್ಕಳು ಕತ್ತು ಉದ್ದ ಮಾಡಿ ನಿಂತಿರುವಾಗ, ಸತ್ತವರ ಮುಖವನ್ನೇ ಕಂಡಿರದ ಬೀಗದಣ್ಣ ಮಂಡಿಯೂರಿ ಬಿಕ್ಕಿ ಬಿಕ್ಕಿ ಅಳುವನು. ಒಮ್ಮೆ ಹೀಗಾದಾಗ, ಇವನು ತೀರಿಕೊಂಡ ಯಜಮಾನರ ಗುಟ್ಟಿನ ಮಗನಿರಬೇಕೆಂದು ಆ ಮನೆಯವರು ಅನುಮಾನಪಟ್ಟು, ಆಸ್ತಿಯಲ್ಲಿ ಪಾಲು ಕೇಳುವುದಿಲ್ಲ ಎಂದು ಅವನ ಬಾಯಿಂದ ಹೇಳಿಸಿಕೊಂಡ ಮೇಲೇ ಹೊರಗೆ ಬಿಟ್ಟರು. ಚಪ್ಪಲಿ ಅಂಗಡಿಯವನು ಗಿರಾಕಿಗಳ ಮುಂದೆ, ಇವನ ಬೀಗಗಳಿಗೆ ಎಣ್ಣೆ ಬೇಕಾಗಿಲ್ಲ, ಕಣ್ಣೀರೇ ಸಾಕು ಎಂದು ನಗುತ್ತಿದ್ದ. ಉಪ್ಪುನೀರು ತಾಗಿದರೆ ಬೀಗ ತುಕ್ಕು ಹಿಡಿಯುತ್ತದೆ, ಎಣ್ಣೆಯೇ ಆಗಬೇಕು ಎಂದು ಬೀಗದಣ್ಣ ಗಂಭೀರವಾಗಿ ತಿದ್ದುತ್ತಿದ್ದ. ಕಸುಬಿನ ವಿಷಯದಲ್ಲಿ ಅವನಿಗೆ ತಮಾಷೆ ಸೇರುತ್ತಿರಲಿಲ್ಲ.

ಚಿಕ್ಕಂದಿನಲ್ಲಿ ಅಪ್ಪ ಇದನ್ನು ಬಿಡಿಸಲು ನೋಡಿದ್ದ. ಗಂಡು ಹುಡುಗ ಅಳಬಾರದು ಎಂದು ಹೊಡೆಯುವನು. ಹೊಡೆದರೆ ಇವನು ಅಳುವನು. ಅತ್ತದ್ದಕ್ಕೆ ಅಪ್ಪ ಮತ್ತೆ ಹೊಡೆಯುವನು. ಕೊನೆಗೆ ಕೈ ನೋವು ಬಂದು ಅಪ್ಪನೇ ಸೋತ. ಮದುವೆಯ ದಿನ ತೌರು ಬಿಟ್ಟು ಹೊರಟ ಹೆಣ್ಣು ಸುಮ್ಮನೆ ನಿಂತಿದ್ದರೆ, ಕರೆದೊಯ್ಯುವ ಗಂಡು ಗೊಳೋ ಎಂದು ಅತ್ತು ಅತ್ತೆ ಮಾವನನ್ನು ಗಾಬರಿಗೊಳಿಸಿದ್ದ. ಹೆಂಡತಿ ಅದಕ್ಕೆ ಹೊಂದಿಕೊಂಡಳು. ಆ ಮನೆಯಲ್ಲಿ ಅಳುವುದು ಯಜಮಾನನ ಕೆಲಸ, ಜಗಳವಾಡುವುದು ಯಜಮಾನಿಯ ಕೆಲಸ. ಸಂಸಾರ ಚೆನ್ನಾಗಿಯೇ ನಡೆದಿತ್ತು.

ಎಡವಟ್ಟಾದದ್ದು ಮಗಳ ಮದುವೆಯ ಮಾತಿನಲ್ಲಿ. ಮಗಳು ಒಂದು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಅಲ್ಲೇ ಗಾಜು ಉಜ್ಜುವ ಹುಡುಗನನ್ನು ಮೆಚ್ಚಿದಳು. ಹುಡುಗನ ತಂದೆ ತಾಯಿ ಮಾತಾಡಲು ಬಂದರು. ಬೀಗದಣ್ಣ ಇಸ್ತ್ರಿ ಅಂಗಿ ತೊಟ್ಟು, ಕುರ್ಚಿಯ ತುದಿಯಲ್ಲಿ ಕೂತು, ಎಲ್ಲದಕ್ಕೂ ಹೌದು ಹೌದು ಎನ್ನುತ್ತಿದ್ದ. ಬೀಗ ತೆಗೆಯುವುದರಲ್ಲಿ ನಿಸ್ಸೀಮನಾದರೂ ಬೀಗರ ಮುಂದೆ ಬಾಯಿ ತೆಗೆಯಲು ಬರುತ್ತಿರಲಿಲ್ಲ. ಎಲ್ಲ ಸುಸೂತ್ರವಾಗಿ ಸಾಗಿರುವಾಗ ಚಹಾ ಬಂತು. ಹುಡುಗ ತಟ್ಟೆಯ ಕಡೆ ನೋಡಿ, ಅವಳಿಗೆ ಸಕ್ಕರೆ ಕಡಿಮೆ ಇರಬೇಕು ಎಂದ. ಅಷ್ಟೇ ಅಂದದ್ದು. ತನ್ನ ಮಗಳಿಗೆ ಎಷ್ಟು ಸಕ್ಕರೆ ಬೇಕೆಂದು ಇನ್ನೊಬ್ಬನಿಗೆ ಆಗಲೇ ಗೊತ್ತಾಗಿಬಿಟ್ಟಿದೆ ಎಂಬುದು ಬೀಗದಣ್ಣನ ಎದೆಗೆ ನಾಟಿತು. ಲೋಟ ಕೆಳಗಿಟ್ಟು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅವನು ಅಳತೊಡಗಿದ. ಸಮಾಧಾನ ಮಾಡಿದಷ್ಟೂ ಅತ್ತ.

ಹುಡುಗನ ತಾಯಿಯ ಮುಖ ಗಂಟಿಕ್ಕಿತು. ಹೆಣ್ಣಿಗೆ ಮುಚ್ಚಿಟ್ಟ ಕಾಯಿಲೆ ಏನಾದರೂ ಇದೆಯೇ ಎಂದು ಕೇಳಿದರು. ಇಲ್ಲವೆಂದರೆ ನಂಬಲಿಲ್ಲ. "ನಗೋ ಹೆಂಗಸನ್ನ, ಅಳೋ ಗಂಡಸನ್ನ ನಂಬಬಾರದು ಅಂತ ಹಿರಿಯರು ಸುಮ್ನೆ ಹೇಳಿಲ್ಲ" ಎಂದರು. ಅವರ ಗಂಡ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿ ನಿವೃತ್ತರಾದವರು. ಕಾಲಿನ ಮೇಲೆ ತೂಕದ ಕಲ್ಲು ಬಿದ್ದಾಗಲೂ ಅವರ ಕಣ್ಣಲ್ಲಿ ಹನಿ ನೀರು ಬಂದಿರಲಿಲ್ಲವಂತೆ. ಇನ್‌ಸ್ಪೆಕ್ಟರು ಹೌದೆಂದು ತಲೆಯಾಡಿಸಿದರು, ಅದನ್ನೂ ಅಳತೆ ಮಾಡಿ. ಕೆಲವು ತಿಂಗಳು ಬಿಟ್ಟು ಇನ್ನೊಮ್ಮೆ ಬಂದು ನೋಡುತ್ತೇವೆ, ಆಮೇಲೆ ಮುಂದಿನ ಮಾತು ಎಂದು ಹೇಳಿ ಎದ್ದರು.

ಅವರು ಹೋದ ಮೇಲೆ ಮಗಳು ಅಪ್ಪನ ಎದುರು ಬಂದು ನಿಂತಳು. "ಅಪ್ಪಾ, ನಾನು ನಿನ್ನ ಹತ್ರ ಇನ್ನೇನೂ ಕೇಳಲ್ಲ. ಅವರು ಮತ್ತೆ ಬರೋ ದಿನ ಅಳ್ಬೇಡ. ಒಂದೇ ಒಂದು ದಿನ" ಎಂದಳು. ಅವಳು ಹಾಗೆ ಬೇಡಿಕೊಂಡದ್ದು ನೋಡಿ ಅವನಿಗೆ ಮತ್ತೆ ಅಳು ಬಂತು. ಅವಳು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಬೀಗದಣ್ಣ ತನಗೆ ತಿಳಿದ ಉಪಾಯವನ್ನೆಲ್ಲ ಮಾಡಿದ. ನಾಲಿಗೆ ಕಚ್ಚಿಕೊಂಡ, ನಾಲಿಗೆ ಉರಿದು ಕಣ್ಣಲ್ಲಿ ನೀರು ಬಂತು. ನಗೆಹನಿಗಳನ್ನು ಓದಿದ, ಅವುಗಳಲ್ಲಿ ಪ್ರತಿ ಸಲವೂ ಏಟು ತಿನ್ನುವ ಗಂಡನನ್ನು ನೆನೆದು ಸಂಕಟಪಟ್ಟ. ಮಗಳ ಬಾಳು ತನ್ನ ಕಣ್ಣಿನಿಂದ ಹಾಳಾಗುತ್ತದೆ ಎಂಬ ಭಯ ಅವನನ್ನು ಹಿಡಿಯಿತು. ಭಯಕ್ಕೂ ಅಳು ಬರುತ್ತಿತ್ತು.

ಈ ನಡುವೆ ವಿಶ್ವವಿದ್ಯಾಲಯದ ಮನಃಶಾಸ್ತ್ರ ವಿಭಾಗದಿಂದ ಅವನಿಗೆ ಕರೆ ಬಂತು. ಪ್ರೊಫೆಸರ್ ಮೇಡಂ ಒಂದು ಕಿರುಕೋಣೆಯಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಆ ಕೋಣೆಯ ಗೋಡೆಯಲ್ಲಿದ್ದ ಗಾಜು ಒಳಗಿನಿಂದ ಕಿಟಕಿ, ಹೊರಗಿನಿಂದ ಕನ್ನಡಿ. ಒಳಗೆ ಕೂತು ಹೊರಗಿನ ಜನ ಹೇಗೆ ನಡೆದುಕೊಳ್ಳುತ್ತಾರೆಂದು ಕದ್ದು ನೋಡುವುದಕ್ಕೆ ಮಾಡಿಸಿದ್ದು. ಬಾಗಿಲು ಜಾಮ್ ಆದಾಗ ಮೇಡಂ ಗಾಜು ಬಡಿದು ಕೂಗಿದರು. ಹೊರಗಿದ್ದ ವಿದ್ಯಾರ್ಥಿಗಳು ಇದೂ ಒಂದು ಪ್ರಯೋಗವಿರಬೇಕು, ಕೂಗು ಕೇಳಿ ಗಡಿಬಿಡಿ ಮಾಡುವವರು ಯಾರೆಂದು ನೋಡುತ್ತಿದ್ದಾರೆ ಎಂದುಕೊಂಡು, ಮಾರ್ಕು ಹೋಗಬಾರದೆಂದು ಅಲ್ಲಾಡದೆ ಕೂತರು. ಮಧ್ಯಾಹ್ನ ನೆಲ ಒರೆಸಲು ಬಂದ ಹೆಂಗಸು ಬೀಗದವನನ್ನು ಕರೆಸಬೇಕಾಯಿತು.

ಬೀಗದಣ್ಣ ಬಾಗಿಲು ತೆಗೆದ. ಕೂದಲು ಕೆದರಿಕೊಂಡು ಹೊರಬಂದ ಮೇಡಂ, ಯಾರೂ ಬರುವುದೇ ಇಲ್ಲ ಅಂದುಕೊಂಡಿದ್ದೆ ಎಂದರು. ಬೀಗದಣ್ಣ ಅಲ್ಲೇ ಅತ್ತುಬಿಟ್ಟ. ಮೇಡಂ ಸಮಾಧಾನ ಮಾಡಲಿಲ್ಲ. ಚಿನ್ನ ಕಂಡ ಅಕ್ಕಸಾಲಿಗನ ಹಾಗೆ ಅವನ ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿದರು.

ಅವರ ಸಂಶೋಧನೆ ಹೀಗಿತ್ತು. ಕಾಯುವ ಕೋಣೆಯಲ್ಲಿ ಒಬ್ಬರು ಅಳುತ್ತ ಕೂತಿರುತ್ತಾರೆ. ಬೇರೆ ಏನೋ ಪರೀಕ್ಷೆಗೆಂದು ಕರೆಸಿದ ಸಾಮಾನ್ಯ ಜನರನ್ನು ಅಲ್ಲಿ ಕೂರಿಸುವುದು. ಅಳುವವರು ಹೆಂಗಸಾದರೆ ಜನ ಏನು ಮಾಡುತ್ತಾರೆ, ಗಂಡಸಾದರೆ ಏನು ಮಾಡುತ್ತಾರೆ ಎಂದು ಗಾಜಿನ ಹಿಂದಿನಿಂದ ನೋಡುವುದು. ಅಳುವ ಗಂಡಸು ಮಾತ್ರ ಸಿಕ್ಕಿರಲಿಲ್ಲ. ಒಬ್ಬ ನಾಟಕದವನನ್ನು ಗೊತ್ತುಮಾಡಿದ್ದರು; ಅವನು ಅತ್ತು ಮುಗಿಸಿ ಕನ್ನಡಿಯ ಕಡೆ ತಿರುಗಿ ಕೈಮುಗಿಯುತ್ತಿದ್ದ. ಅಳುವ ಹೆಂಗಸಾಗಿ ವಿಭಾಗದ ಟೈಪಿಸ್ಟ್ ಅಕ್ಕನನ್ನು ಆರಿಸಿದ್ದರು. ನಿಮಗೆ ಅಳು ಬರುತ್ತದೆಯೇ ಎಂದು ಅವಳನ್ನು ಯಾರೂ ಕೇಳಿರಲಿಲ್ಲ. ಹೆಂಗಸಲ್ಲವೇ, ಬರುತ್ತದೆ ಎಂದುಕೊಂಡಿದ್ದರು. ಹೆಂಗಸರು ಹೀಗೆ, ಗಂಡಸರು ಹಾಗೆ ಎಂದು ಜನ ಸುಮ್ಮನೆ ನಂಬಿಕೊಂಡಿರುತ್ತಾರೆ ಎಂಬುದರ ಮೇಲೆಯೇ ಮೇಡಂ ದಪ್ಪ ದಪ್ಪ ಪುಸ್ತಕ ಬರೆದಿದ್ದರು. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಓದಿದವರ ಮನೆಗೂ ಸಲ್ಲುತ್ತದೆ.

ಅಳುವ ಗಂಡಸಾಗಿ ಬನ್ನಿ ಎಂದು ಮೇಡಂ ಕರೆದ ಈ ಕೆಲಸಕ್ಕೆ ಹೋಗಲು ಬೀಗದಣ್ಣ ಹಿಂಜರಿದ. ಒಪ್ಪಿಸಿದವಳು ಹೆಂಡತಿ. ಅವಳ ತರ್ಕ ನೀರಿನ ತೊಟ್ಟಿಯದು. "ಹೋಗ್ರೀ. ಇರೋದೆಲ್ಲ ಅಲ್ಲೇ ಖರ್ಚು ಮಾಡ್ಕೊಂಡು ಬನ್ನಿ. ಹುಡುಗನ ಕಡೆಯವರು ಬರೋ ಹೊತ್ತಿಗೆ ತಳ ಕಾಣಿಸ್ಬೇಕು" ಎಂದಳು. ಬೀಗದಣ್ಣನಿಗೆ ಅದು ಸರಿಯೆನಿಸಿತು. ಬೆಳಿಗ್ಗೆ ಅಂಗಡಿ, ಮಧ್ಯಾಹ್ನದ ಮೇಲೆ ಅಳು ಎಂದು ನಿಗದಿಯಾಯಿತು.

ಕಾಯುವ ಕೋಣೆಯ ಮೂಲೆಯಲ್ಲಿ ಒಂದು ಚಿಕ್ಕ ಕೆಂಪು ದೀಪವಿತ್ತು. ಅದು ಹತ್ತಿದರೆ ಅಳಬೇಕು, ಆರಿದರೆ ನಿಲ್ಲಿಸಬೇಕು. ಮೊದಮೊದಲು ಆರಿದ ಮೇಲೂ ಬೀಗದಣ್ಣ ಅಳುತ್ತಲೇ ಇರುತ್ತಿದ್ದ. ಮೇಡಂ ಹೊರಬಂದು, ಸಾಕು, ಇವತ್ತಿಗೆ ಇಷ್ಟೇ ಎಂದು ಬೆನ್ನು ತಟ್ಟಬೇಕಾಗುತ್ತಿತ್ತು. ಬರುಬರುತ್ತ ದೀಪದ ಜೊತೆಗೇ ಅವನ ಅಳುವೂ ಹತ್ತಿ ಆರುವುದು ರೂಢಿಯಾಯಿತು. ಟೈಪಿಸ್ಟ್ ಅಕ್ಕನಿಗೆ ಒಂದು ಹನಿಯೂ ಬರುತ್ತಿರಲಿಲ್ಲ. ಅವಳು ಒಣ ಕರವಸ್ತ್ರವನ್ನು ಮೂಗಿಗೆ ಒತ್ತಿ ಹಿಡಿದು, ಮನೆಯಲ್ಲಿ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಯೋಚಿಸುತ್ತಿದ್ದಳು. ಅಷ್ಟಕ್ಕೇ ಜನ ಮುಗಿಬಿದ್ದರು. ನೀರು ತಂದುಕೊಟ್ಟರು, ಗಾಳಿ ಹಾಕಿದರು, ಅವಳ ಗಂಡನನ್ನು ಬೈದರು. ಅವಳಿಗೆ ಮದುವೆಯೇ ಆಗಿರಲಿಲ್ಲ.

ಬೀಗದಣ್ಣನ ಕಣ್ಣಿಂದ ಧಾರೆ ಹರಿಯುತ್ತಿದ್ದರೂ ಹತ್ತಿರ ಬಂದವರು ಕಡಿಮೆ. ಒಬ್ಬ ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು ಹಳೆಯ ತಿಂಗಳುಗಳನ್ನೆಲ್ಲ ಓದಿದ. ಇನ್ನೊಬ್ಬ ಹೂಕುಂಡವನ್ನು ಎಳೆದು ತಂದು ಇಬ್ಬರ ನಡುವೆ ಇಟ್ಟು ಕೂತ. ಒಬ್ಬ ಅಜ್ಜಿ ಕಣ್ಣಿನ ಡಾಕ್ಟರ ವಿಳಾಸ ಹೇಳಿದಳು. ಮೇಡಂ ಖುಷಿಯಾಗಿದ್ದರು. ತಾವು ಅಂದುಕೊಂಡದ್ದೇ ನಿಜವಾಗುವುದು ಕಂಡರೆ ವಿದ್ವಾಂಸರಿಗೆ ಹಾಲು ಕುಡಿದಷ್ಟು ಸಂತೋಷ.

ಆ ಸಂತೋಷವನ್ನು ಕೆಡಿಸಿದವನು ಒಬ್ಬ ಮಾಂಸದಂಗಡಿಯವನು. ಬಾಗಿಲು ತುಂಬುವ ಆಳು. ಬಂದ, ಬೀಗದಣ್ಣನನ್ನು ನೋಡಿದ, ಕೋಣೆಯ ನಾಲ್ಕೂ ಮೂಲೆ ನೋಡಿದ, ಹೆಲ್ಮೆಟ್ ತೆಗೆದು ಮಂಡಿಗಳ ನಡುವೆ ಇಟ್ಟುಕೊಂಡು ತಾನೂ ಅಳಲು ಶುರುಮಾಡಿದ. ದೀಪ ಆರಿತು, ಬೀಗದಣ್ಣ ನಿಲ್ಲಿಸಿದ, ಅವನು ನಿಲ್ಲಿಸಲಿಲ್ಲ. ಪರೀಕ್ಷೆ ಹೇಗಿತ್ತೆಂದು ವಿಚಾರಿಸಿದರೆ, ಕೋಣೆ ಬಹಳ ಚೆನ್ನಾಗಿದೆ ಎಂದ. ಮರುದಿನ ತನ್ನ ಭಾವಮೈದುನನನ್ನು ಕರೆತಂದ.

ಸುದ್ದಿ ಹಬ್ಬಿತು. ಲಾರಿ ಓಡಿಸುವವರು, ಬ್ಯಾಂಕಿನ ಕಾವಲುಗಾರರು, ಪೈಲ್ವಾನರಿಗೆ ಮಾಲೀಸು ಮಾಡುವವರು, ಒಬ್ಬ ವಕೀಲರು, ಹೀಗೆ ಗಂಡಸರ ಸಾಲು ಮೆಟ್ಟಿಲಿಳಿದು ಸೈಕಲ್ ಸ್ಟ್ಯಾಂಡಿನವರೆಗೂ ನಿಂತಿತು. ಒಬ್ಬರನ್ನು ಒಮ್ಮೆ ಮಾತ್ರ ಒಳಗೆ ಬಿಡುವುದು ಎಂಬ ನಿಯಮವಿತ್ತಾದ್ದರಿಂದ ಮೀಸೆ ಬೋಳಿಸಿಕೊಂಡು, ಪಕ್ಕದವರ ಕನ್ನಡಕ ಕಡ ತೆಗೆದುಕೊಂಡು ಎರಡನೆಯ ಸಲ ಬರುತ್ತಿದ್ದರು. ಒಳಗೆ ಯಾರೂ ಯಾರನ್ನೂ ಯಾಕೆಂದು ಕೇಳುತ್ತಿರಲಿಲ್ಲ. ಮನೆಯಲ್ಲಿ ಹೆಂಡತಿಯರು ಕೇಳಿದರೆ, ವಿಜ್ಞಾನಕ್ಕೆ ಸಹಾಯ ಮಾಡಿ ಬಂದೆ ಎನ್ನುತ್ತಿದ್ದರು. ಬೀಗದಣ್ಣ ಬರುವುದು ತಡವಾದರೆ, ಶುರು ಮಾಡಿಕೊಡುವವರು ಇಲ್ಲದೆ ಹೇಗೆ ಅಳುವುದು ಎಂದು ಗೊಣಗುತ್ತಿದ್ದರು. ಅವನಿಗೆ ಮೂಲೆಯ ಕುರ್ಚಿ ಖಾಯಂ ಆಯಿತು, ಎಲ್ಲರೂ ಎದ್ದು ದಾರಿ ಬಿಡುವರು. ಹುಟ್ಟಿದಾರಭ್ಯ ಯಾವುದಕ್ಕೆ ಬೈಸಿಕೊಂಡಿದ್ದನೋ ಅದಕ್ಕೇ ಈಗ ಮರ್ಯಾದೆ. ಬೀಗದಣ್ಣನಿಗೆ ಹೆಮ್ಮೆಯಾಗಿತ್ತು, ಸುಳ್ಳೇಕೆ ಹೇಳಬೇಕು.

ಮೇಡಂಗೆ ಮಾತ್ರ ನಿದ್ದೆ ಕೆಟ್ಟಿತು. ಅಳುವವರ ಹತ್ತಿರ ಜನ ಹೇಗೆ ನಡೆದುಕೊಳ್ಳುತ್ತಾರೆ ಎಂದು ನೋಡಬೇಕಿತ್ತು. ಈಗ ಅಳದವರೇ ಇರಲಿಲ್ಲ. ಬಾಗಿಲಿಗೆ ಒಂದು ಸೂಚನೆ ಹಾಕಿಸಿದರು: ಪ್ರಯೋಗಕ್ಕೆ ಬಂದವರು ದಯವಿಟ್ಟು ಅಳಬಾರದು, ಅಳಲು ವಿಭಾಗದವರೇ ಇದ್ದಾರೆ. ಅದನ್ನು ಓದಿ ವಕೀಲರು ನೊಂದುಕೊಂಡು ಹೊರಗಿನ ಮೆಟ್ಟಿಲ ಮೇಲೇ ಕೂತು ಅತ್ತರು. ಕೊನೆಗೆ ಮೇಡಂ ಪ್ರಬಂಧ ಬರೆದು ಮುಗಿಸುವಾಗ, ಅತ್ತ ಗಂಡಸರನ್ನೆಲ್ಲ ಕೆಟ್ಟುಹೋದ ಮಾಹಿತಿ ಎಂದು ತೆಗೆದುಹಾಕಿದರು. ಉಳಿದವರನ್ನು ಇಟ್ಟುಕೊಂಡು ಲೆಕ್ಕ ಹಾಕಿದಾಗ, ಗಂಡಸರು ಬೇರೆಯವರ ಮುಂದೆ ಅಳುವುದಿಲ್ಲ ಎಂಬುದು ಸಂಪೂರ್ಣವಾಗಿ ಸಾಬೀತಾಯಿತು. ಕಾಯುವ ಕೋಣೆಗೆ ಬೀಗ ಬಿತ್ತು. ಆ ಬೀಗವನ್ನು ಹಾಕಿಕೊಟ್ಟವನೂ ಬೀಗದಣ್ಣನೇ. ಹಾಕುವಾಗ ಅವನ ಕಣ್ಣು ಒಣಗಿತ್ತು.

ಒಣಗಿದ್ದನ್ನು ಮೊದಲು ಗಮನಿಸಿದವಳು ಹೆಂಡತಿ. ಪಕ್ಕದ ಬೀದಿಯ ಮೇಷ್ಟ್ರು ತೀರಿಕೊಂಡು, ಅವರ ಬೀರು ತೆಗೆದು ಬಂದವನು ಕೈತೊಳೆದು ಊಟಕ್ಕೆ ಕೂತ. ಅತ್ತಿರಾ ಎಂದು ಅವಳು ಕೇಳಿದಳು. ದೀಪ ಇರಲಿಲ್ಲ ಎಂದು ಅವನು ಹೇಳಿದ. ತಾನು ಹಾಗೆ ಹೇಳಿದ್ದು ಅವನಿಗೆ ವಿಚಿತ್ರವಾಗಿ ಕಾಣಲಿಲ್ಲ. ಅವಳು ಮಗಳನ್ನು ಕರೆದು, ತಳ ಕಂಡಿತು ನೋಡು ಎಂದಳು. ಮಗಳು ಎಷ್ಟೋ ದಿನಗಳ ಮೇಲೆ ಅಪ್ಪನ ಪಕ್ಕ ಕೂತು ಊಟ ಮಾಡಿದಳು. ಆ ಒಂದು ಊಟಕ್ಕಾಗಿ ಅವನು ಕಣ್ಣನ್ನೇ ಕಿತ್ತು ಕೊಡಲೂ ಸಿದ್ಧನಿದ್ದ.

ಹುಡುಗನ ಕಡೆಯವರು ಎರಡನೆಯ ಸಲ ಬಂದರು. ಬೀಗದಣ್ಣ ಗುಂಡುಕಲ್ಲಿನ ಹಾಗೆ ಕೂತ. ಹುಡುಗನ ತಾಯಿ ಪರೀಕ್ಷೆ ಮಾಡದೆ ಬಿಡುವವರಲ್ಲ. ತಮ್ಮ ಮನೆಯಲ್ಲಿ ಸಾಕಿದ ನಾಯಿ ಸತ್ತ ಕತೆಯನ್ನು ಬಾಲದಿಂದ ಮೂತಿಯವರೆಗೆ ಹೇಳಿದರು. ಹೇಳುತ್ತ ಹೇಳುತ್ತ ಅವರ ದನಿಯೇ ನಡುಗಿತು. ಬೀಗದಣ್ಣ ಪಾಪ ಎಂದು ಹೇಳಿ ಇನ್ನೊಂದು ಬಿಸ್ಕತ್ತು ತೆಗೆದುಕೊಂಡ. ಹುಡುಗನ ತಾಯಿಗೆ ಬಹಳ ಮೆಚ್ಚುಗೆಯಾಯಿತು. ಇನ್‌ಸ್ಪೆಕ್ಟರು ಅಳತೆ ಮಾಡಿ ತಲೆಯಾಡಿಸಿದರು. ಮದುವೆ ಗೊತ್ತಾಯಿತು. ಅವರನ್ನು ಕಳಿಸಿ ಬಂದ ಮಗಳು, ಗೆದ್ದೆ ಅಪ್ಪಾ ಎಂದು ಅವನನ್ನು ಅಪ್ಪಿಕೊಂಡಳು.

ಮದುವೆಯೂ ಆಯಿತು. ಊಟ ಮುಗಿದು, ನೆಂಟರು ಚದುರಿ, ಹುಡುಗಿಯನ್ನು ಕರೆದೊಯ್ಯುವ ಕಾರು ಮನೆಯ ಮುಂದೆ ಬಂದು ನಿಂತಿತು. ಮಗಳು ಅಮ್ಮನನ್ನು ತಬ್ಬಿಕೊಂಡಳು, ಆಮೇಲೆ ಅಪ್ಪನ ಮುಂದೆ ನಿಂತಳು. ನಿಂತೇ ಇದ್ದಳು. ಹೆಂಡತಿ ಮೊಣಕೈಯಿಂದ ಅವನನ್ನು ತಿವಿದು, "ಈಗ ಅತ್ರೆ ಪರವಾಗಿಲ್ಲ ರೀ. ಎಲ್ಲಾ ಮುಗೀತಲ್ಲ" ಎಂದು ಪಿಸುಗುಟ್ಟಿದಳು.

ಬೀಗದಣ್ಣ ಪ್ರಯತ್ನಪಟ್ಟ. ಮಗಳು ಮೊದಲ ಹೆಜ್ಜೆ ಇಟ್ಟದ್ದನ್ನು ನೆನೆದ, ಜ್ವರ ಬಂದು ಮಡಿಲಲ್ಲಿ ಮಲಗಿದ್ದನ್ನು ನೆನೆದ. ನಾಳೆ ಬೆಳಿಗ್ಗೆ ಚಹಾಕ್ಕೆ ಒಂದು ಲೋಟ ಕಡಿಮೆ ಇಡಬೇಕು ಎಂಬುದನ್ನೂ ನೆನೆದ. ಎದೆಯಲ್ಲಿ ದುಃಖ ಕಲ್ಲು ಹೇರಿದಂತೆ ಕೂತಿತ್ತು. ಅದು ಮೇಲೆ ಬರಲಿಲ್ಲ. ಎದುರು ಮನೆಯ ಗೋಡೆ, ಲೈಟಿನ ಕಂಬ, ಕಾರಿನ ಮುಂಭಾಗ, ಎಲ್ಲ ಕಡೆ ಅವನ ಕಣ್ಣು ತನಗೆ ತಿಳಿಯದೆಯೇ ಕೆಂಪಗಿನದೇನನ್ನೋ ಹುಡುಕಿ ಸುಮ್ಮನಾಯಿತು. ಹುಷಾರಾಗಿರು ಎಂದ. ಮಗಳು ಇನ್ನೂ ಸ್ವಲ್ಪ ಹೊತ್ತು ಅವನ ಮುಖ ನೋಡಿ, ಹೋಗಿ ಕಾರಿನಲ್ಲಿ ಕೂತಳು.

ಆಗ ಇನ್‌ಸ್ಪೆಕ್ಟರು ಅತ್ತರು. ಕಾರಿನ ಬಾಗಿಲ ಹಿಡಿ ಹಿಡಿದುಕೊಂಡು ನಿಂತಿದ್ದವರು, ಎಲ್ಲಿಂದ ಬಂತೋ, ಹೋ ಎಂದು ದನಿ ತೆಗೆದರು. ಹೆಣ್ಣು ಮಗು ಬೇಕು ಬೇಕು ಎಂದು ಇಷ್ಟು ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡಿದ್ದನ್ನು ನಡುಬೀದಿಯಲ್ಲಿ ಹೇಳಿಕೊಂಡು ಅತ್ತರು. ಅಭ್ಯಾಸವಿಲ್ಲದ ಅಳು; ಕೆಮ್ಮೋ ಬಿಕ್ಕಳಿಕೆಯೋ ಗೊತ್ತಾಗುತ್ತಿರಲಿಲ್ಲ. ಅವರ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಬೇರೆ ಯಾರದೋ ಗಂಡನನ್ನು ನೋಡುವಂತೆ ನೋಡಿದರು. ಹುಡುಗ ಸಾಮಾನು ಎಣಿಸುವುದಕ್ಕೆ ಡಿಕ್ಕಿಯ ಹತ್ತಿರ ಹೋದ. ನೆಂಟರೆಲ್ಲ ಬೀಗದಣ್ಣನ ಕಡೆ ತಿರುಗಿದರು. ಈ ವಿದ್ಯೆಯಲ್ಲಿ ಅಲ್ಲಿದ್ದವರಲ್ಲಿ ಪಳಗಿದವನು ಅವನೊಬ್ಬನೇ, ಮೇಲಾಗಿ ಪಕ್ಕದಲ್ಲೇ ನಿಂತಿದ್ದ.

ಬೀಗದಣ್ಣನಿಗೆ ಏನು ಮಾಡಬೇಕೆಂದು ತೋಚಲಿಲ್ಲ. ಹೆಗಲ ಮೇಲೆ ಕೈಯಿಡಬೇಕೆ, ನೀರು ತರಬೇಕೆ, ಏನಾದರೂ ಹೇಳಬೇಕೆ. ತುಂಬ ನಾಚಿಕೆಯಾಯಿತು, ಆ ಮನುಷ್ಯ ಬೇಗ ನಿಲ್ಲಿಸಲಿ ಎನಿಸಿತು. ಕೈ ತಾನಾಗಿ ಕಾರಿನ ಬಾಗಿಲಿಗೆ ಹೋಯಿತು. ಬಗ್ಗಿ ಅದರ ಲಾಕನ್ನು ಒತ್ತಿ, ಬಿಟ್ಟು, ಒತ್ತಿ ನೋಡತೊಡಗಿದ. ಇದು ಸ್ವಲ್ಪ ಬಿಗಿಯಾಗಿದೆ ಎಂದು ಯಾರಿಗೆಂದಿಲ್ಲದೆ ಹೇಳಿದ.

ಮಗಳು ಆ ಕಡೆಯ ಬಾಗಿಲಿಂದ ಇಳಿದು, ಕಾರನ್ನು ಸುತ್ತಿ ಬಂದಳು. ತನ್ನ ಕರವಸ್ತ್ರದಿಂದ ಇನ್‌ಸ್ಪೆಕ್ಟರ ಮುಖ ಒರೆಸಿದಳು, ಕನ್ನಡಕ ತೆಗೆದು ಉಜ್ಜಿ ಮತ್ತೆ ಹಾಕಿದಳು, ಕೈಹಿಡಿದು ಒಳಗೆ ಕೂರಿಸಿದಳು. ಬೀಗದಣ್ಣ ಇನ್ನೂ ಬಗ್ಗಿಯೇ ಇದ್ದ. ಅವಳೂ ಅವನ ಪಕ್ಕದಲ್ಲಿ ಬಗ್ಗಿದಳು.

"ಒಂದು ದಿನ ಅಂದಿದ್ದೆ ಅಪ್ಪಾ" ಎಂದಳು. "ಪೂರ್ತಿ ಬಿಟ್ಬಿಡು ಅಂದಿರ್ಲಿಲ್ಲ."

"ಲಾಕ್ ಸರಿಯಾಗಿದೆ ಮಗಳೇ" ಎಂದ ಬೀಗದಣ್ಣ. "ಹೋಗಿ ಬಾ."

ಕಾರು ಹೊರಟಿತು. ಹಿಂದಿನ ಗಾಜಿನಲ್ಲಿ, ಮಾವನ ತಲೆ ಮಗಳ ಭುಜಕ್ಕೆ ಒರಗಿದ್ದು ತಿರುವಿನವರೆಗೂ ಕಾಣಿಸುತ್ತಿತ್ತು.